ಮೈಮುನಾಳ ಬದಲಿ

ನಮ್ಮ ಪ್ರಾಜೆಕ್ಟಿನಲ್ಲಿ ಹದಿನಾಲ್ಕು ಜನ ಇದ್ದೆವು. ನಮ್ಮಲ್ಲಿ ಒಬ್ಬಳು ಏಪ್ರಿಲ್ ಹನ್ನೊಂದಕ್ಕೆ ತೀರಿಕೊಂಡಳು. ಪ್ಲಾನಿನಲ್ಲಿ ಮಾತ್ರ ಮೇ ಮುಗಿಯುವ ತನಕ ಹದಿನಾಲ್ಕೇ ಜನ, ಏಕೆಂದರೆ ಪ್ಲಾನು ಬರೆಯುವವನು ನಾನು. ಹೆಸರು ಗಂಗಾಧರ ಯಲಿಗಾರ, ಊರು ಹುಬ್ಬಳ್ಳಿ, ಕೆಲಸ ಪ್ರಾಜೆಕ್ಟ್ ಮ್ಯಾನೇಜರ್. ಮಾಡಿದ್ದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ನಡುವೆ ನನ್ನ ಪರವಾಗಿ ನಾನೇ ವಕಾಲತ್ತು ಮಾಡಲು ಹೊರಟರೆ ನಂಬಬೇಡಿ.

ಕೆಲಸ ಇಷ್ಟು. ಕಪ್ಪಲಗುಡ್ಡ ಜಲಾಶಯದ ಹನ್ನೆರಡು ಗೇಟುಗಳನ್ನು ಸಾಫ್ಟ್‌ವೇರ್ ತಾನಾಗಿಯೇ ತೆರೆದು ಮುಚ್ಚಬೇಕು. ಅಲ್ಲಿವರೆಗೆ ಅದನ್ನು ಯಮನಪ್ಪ ಎಂಬ ಆಪರೇಟರು ಮಾಡುತ್ತಿದ್ದ. ಗುಂಡಿ ಒತ್ತಿದ ಮೇಲೂ ಅವನಿಗೆ ಸಮಾಧಾನವಿಲ್ಲ. ಗೇಟುಗಳ ಮೇಲಿನ ಕಬ್ಬಿಣದ ಸೇತುವೆಯಲ್ಲಿ ನಡೆದುಹೋಗಿ, ಒಂದೊಂದನ್ನೂ ಬಗ್ಗಿ ನೋಡಿ ಬರುತ್ತಿದ್ದ. ನಮ್ಮ ಸಾಫ್ಟ್‌ವೇರ್ ಬಂದ ಮೇಲೆ ಆ ನಡಿಗೆ ಬೇಕಾಗುವುದಿಲ್ಲ ಎಂದು ನಾವು ಬರೆದುಕೊಟ್ಟಿದ್ದೆವು. ಗಡುವು ಮೇ ಮೂವತ್ತೊಂದು. ಜೂನಿನಲ್ಲಿ ಮಳೆ ಬರುತ್ತದೆ, ಅದಕ್ಕೆ ಅರ್ಜಿ ಬರೆದು ಹತ್ತು ದಿನ ತಡೆದು ಬಾ ಎನ್ನಲಾಗುವುದಿಲ್ಲ.

ಪ್ರಾಜೆಕ್ಟ್ ನಡೆಸುವುದು ದೊಡ್ಡ ವಿದ್ಯೆಯೇನಲ್ಲ. ಏನು ಮಾಡಬೇಕು, ಯಾರು ಮಾಡಬೇಕು, ಯಾವಾಗ ಮುಗಿಯಬೇಕು, ನಡುವೆ ಏನು ಕೆಡಬಹುದು. ಈ ನಾಲ್ಕನ್ನು ನೆಟ್ಟಗೆ ಬರೆದಿಟ್ಟು ದಿನಾ ನೋಡಿಕೊಂಡರೆ ಆಯಿತು. ನೆಟ್ಟಗೆ ಬರೆಯಲು ಯಾರು ಬಿಡುತ್ತಾರೆ? ಇಲಾಖೆಯವರು ವಾರಕ್ಕೊಂದು ಹೊಸ ಬೇಡಿಕೆ ತರುತ್ತಿದ್ದರು. ಮೊಬೈಲಿನಲ್ಲೂ ಕಾಣಬೇಕು, ಗೇಟಿನ ಚಿತ್ರಕ್ಕೆ ಬೇರೆ ಬಣ್ಣ ಬೇಕು, ದೊಡ್ಡವರು ಬಂದಾಗ ತೋರಿಸಲು ಬೇರೆಯದೇ ಪರದೆ ಬೇಕು. ಆಗುವುದಿಲ್ಲ ಎನ್ನುವ ಧೈರ್ಯ ನಮ್ಮ ಮೇಲಿನವರಿಗಿಲ್ಲ, ನನಗಂತೂ ಮೊದಲೇ ಇಲ್ಲ. ಕೆಲಸ ಬೆಳೆಯುತ್ತದೆ, ಗಡುವು ಅಲ್ಲಾಡುವುದಿಲ್ಲ. ಆಗ ನಮ್ಮಂಥವರು ಕೈಹಾಕುವುದು ಒಂದಕ್ಕೇ, ಪರೀಕ್ಷೆಗೆ ಇಟ್ಟ ದಿನಗಳಿಗೆ.

ಪರೀಕ್ಷೆ ಮಾಡುವವಳು ಮೈಮುನಾ ನದಾಫ. ಮೂವತ್ತಾರು ವರ್ಷದ ಹೆಂಗಸು, ಹಳೇ ಹುಬ್ಬಳ್ಳಿಯಲ್ಲಿ ತಾಯಿಯ ಜೊತೆ ಇದ್ದಳು. ಒಂದು ಕೆಲಸಕ್ಕೆ ಎಷ್ಟು ದಿನ ಬೇಕು ಎಂದು ಕೇಳಿದರೆ, ಉಳಿದವರೆಲ್ಲ ನಾನು ಕತ್ತರಿಸುತ್ತೇನೆ ಎಂದು ಗೊತ್ತಿದ್ದೇ ನಾಲ್ಕು ದಿನ ಹೆಚ್ಚು ಹೇಳುತ್ತಿದ್ದರು. ನಾನು ಕತ್ತರಿಸುತ್ತಿದ್ದೆ, ಲೆಕ್ಕ ಸರಿಹೋಗುತ್ತಿತ್ತು. ಮೈಮುನಾ ಎಷ್ಟು ಬೇಕೋ ಅಷ್ಟೇ ಹೇಳುತ್ತಿದ್ದಳು. ಅವಳು ಹನ್ನೆರಡು ಅಂದರೆ ಹನ್ನೆರಡೇ. ನಾನು ರೂಢಿಯಂತೆ ಏಳು ಬರೆದುಕೊಂಡೆ. ಅವಳೊಬ್ಬಳಿಗೆ ಮಾತ್ರ ಅದು ನಿಜವಾಗಿ ತಾಗುತ್ತಿತ್ತು, ಅದು ನನಗೆ ಗೊತ್ತೂ ಇತ್ತು.

ಮಾರ್ಚ್ ಕೊನೆಗೆ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು. ಗೇಟು ಇಳಿಯುತ್ತಿರುವಾಗಲೇ ಕರೆಂಟು ಹೋಗಿ, ಜನರೇಟರು ಹಿಡಿಯಲು ನಾಲ್ಕು ಸೆಕೆಂಡು ಬೇಕಾದರೆ, ಸಾಫ್ಟ್‌ವೇರ್ ಎದ್ದ ಮೇಲೆ ಗೇಟನ್ನು ಅಳೆಯದೆ, ಮುಚ್ಚು ಎಂದು ತಾನು ಕೊಟ್ಟಿದ್ದ ಆದೇಶವನ್ನೇ ನಂಬಿಕೊಳ್ಳುತ್ತದೆ ಎಂದಳು. ಒಂಬತ್ತನೇ ಗೇಟಿನ ಅಳತೆಯ ಯಂತ್ರ ಹಳೆಯದು, ಅಲ್ಲಿ ಮಾತ್ರ ಹೀಗಾಗುತ್ತದೆ, ಅದೂ ನಲವತ್ತರಲ್ಲಿ ಒಂದು ಸಲ. ನಲವತ್ತರಲ್ಲಿ ಒಂದು ತಾನೇ ಎಂದು ನಾನು ನಕ್ಕೆ.

“ಸರ, ಗೇಟ್ ತೆರದಿದ್ರೂ ಸ್ಕ್ರೀನಿನ್ಯಾಗ ಮುಚ್ಚೇತಿ ಅಂತ ಬರ್ತೈತಿ. ಮುಚ್ಚೇತಿ ಅಂದಮ್ಯಾಲೆ ಸೈರನ್ ಆಗೂದಿಲ್ಲ. ಕೆಳಗ ಹೊಳಿದಂಡಿ ಕಟ್ಟಿಮ್ಯಾಲೆ ಹೆಣ್ಮಕ್ಕಳು ಅರಬಿ ಒಗಿಯಾಕತ್ತಿರ್ತಾರ,” ಎಂದಳು.

ಅಣೆಕಟ್ಟಿಗೆ ಹೋಗಿ ನಿಜವಾದ ಗೇಟಿನ ಮೇಲೆ ಪರೀಕ್ಷೆ ಮಾಡಲು ಎರಡು ದಿನ ಕೇಳಿದಳು. ಮುಂದಿನ ವಾರ ನೋಡೋಣ ಎಂದೆ. ಮುಂದಿನ ವಾರ ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ಹಾಗೆಯೇ ಎಂದೆ. ಮೂರನೆಯ ವಾರ ಅವಳಿಗೆ ಡೆಂಗಿ ಬಂತು, ನಾಲ್ಕು ದಿನದಲ್ಲಿ ಹೋಗಿಬಿಟ್ಟಳು.

ಇನ್ನು ಬದಲಿಯ ವಿಷಯ. ಬೆಳಗಿನ ಮೀಟಿಂಗ್ ನಮ್ಮ ಧಂದೆಯ ಸಂಧ್ಯಾವಂದನೆ. ಒಂಬತ್ತೂವರೆಗೆ ಎಲ್ಲರೂ ಸೇರಿ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಎಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು ಹೇಳಬೇಕು. ಹದಿನಾಲ್ಕು ಜನ ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಬೆಳಗು ಹೋಗಿರುತ್ತಿತ್ತು. ಅದಕ್ಕೆಂದೇ ಎರಡು ವರ್ಷದ ಹಿಂದೆ ಈ ಬದಲಿ ಬಂತು. ಒಬ್ಬ ಮನುಷ್ಯ ಮೀಟಿಂಗುಗಳಲ್ಲಿ ಆಡಿದ ಪ್ರತಿ ಮಾತನ್ನೂ ಬರೆದ ಪ್ರತಿ ಪತ್ರವನ್ನೂ ತಿಂದು, ಅವನ ಧ್ವನಿಯಲ್ಲೇ ಮಾತಾಡುವ ಒಂದು ಪ್ರೋಗ್ರಾಮು ಅದು. ಅವನು ಕಂಪ್ಯೂಟರಿನಲ್ಲಿ ಮಾಡಿದ ಕೆಲಸವನ್ನು ನೋಡಿಕೊಂಡು ಮೀಟಿಂಗಿನಲ್ಲಿ ಅವನ ಪರವಾಗಿ ಹೇಳುತ್ತದೆ. ಮನುಷ್ಯ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರಬಹುದು. ಪರೀಕ್ಷೆಯವರ ಬದಲಿಗಳಿಗೆ, ಕಂಪ್ಯೂಟರಿನಲ್ಲಿ ಕಟ್ಟಿದ ನಕಲಿ ಗೇಟುಗಳ ಮೇಲೆ ಪರೀಕ್ಷೆಗಳನ್ನು ತಾವೇ ಓಡಿಸುವ ಅಧಿಕಾರವನ್ನೂ ಕೊಟ್ಟಿದ್ದೆವು.

ಜನ ಎಷ್ಟು ಬೇಗ ಒಗ್ಗಿಕೊಂಡರು ಎಂದರೆ, ನಂಟರ ಮದುವೆಗೆ ಬಾರದ ನನಗೆ ಹೆಂಡತಿ, ನಿಮ್ಮ ಬದಲಿಯನ್ನಾದರೂ ಕಳಿಸಿಕೊಡಿ, ಅದು ನಿಮಗಿಂತ ಚಂದ ಮಾತಾಡುತ್ತದೆ ಎಂದು ಚುಚ್ಚುತ್ತಿದ್ದಳು. ಒಂಬತ್ತೂವರೆಗೆ ಮೀಟಿಂಗ್ ರೂಮಿನಲ್ಲಿ ಚಹಾ ಹಿಡಿದು ಕೂತವನು ನಾನೊಬ್ಬನೇ. ಸುತ್ತ ಖಾಲಿ ಕುರ್ಚಿಗಳು, ಗೋಡೆಯ ಸ್ಪೀಕರಿನಿಂದ ಒಂದೊಂದಾಗಿ ಧ್ವನಿಗಳು. ಬಹುತೇಕ ಮುಗಿದಿದೆ ಸರ, ತೊಂಬತ್ತು ಭಾಗ ಆಗಿದೆ ಸರ, ನಾಳೆಗೆ ಮುಗಿಯುತ್ತದೆ ಸರ. ಅವರವರ ಸುಳ್ಳನ್ನು ಅವರವರ ಬದಲಿಗಳು ಚೆನ್ನಾಗಿ ಕಲಿತಿದ್ದವು.

ಮೈಮುನಾ ತೀರಿದ ಮರುದಿನವೇ ಅವಳ ಬದಲಿಯನ್ನು ಮುಚ್ಚಬೇಕಿತ್ತು. ಮುಚ್ಚಿದರೆ ಅವಳ ಕೆಲಸಗಳಿಗೆ ಒಡೆಯರಿಲ್ಲ. ಒಡೆಯರಿಲ್ಲದ ಕೆಲಸ ಪ್ಲಾನಿನಲ್ಲಿ ನಿಲ್ಲುವುದಿಲ್ಲ, ಹೊಸಬರು ಬೇಕು, ಅವರಿಗೆ ಕಲಿಯಲು ಮೂರು ವಾರ ಬೇಕು. ಅಷ್ಟಾದರೆ ಗಡುವಿನ ಮುಂದೆ ಇದ್ದ ಹಸಿರು ಗುರುತು ಕೆಂಪಾಗುತ್ತದೆ. ಆ ಕೆಂಪನ್ನು ನಾನು ಮೇಲಿನವರಿಗೆ ತೋರಿಸಬೇಕು. ಅದು ನನ್ನಿಂದಾಗಲಿಲ್ಲ. ಎರಡು ದಿನ ರಜೆ ಎಂದು ಬರೆದು ಸುಮ್ಮನಾದೆ.

ಎರಡು ದಿನ ಬದಲಿ ತಾನು ರಜೆಯಲ್ಲಿದ್ದೇನೆ ಎಂದಿತು. ಮೂರನೆಯ ದಿನ ಅವಳದೇ ಧ್ವನಿಯಲ್ಲಿ, ಒಂಬತ್ತನೇ ಗೇಟಿನ ಪರೀಕ್ಷೆ ನಲವತ್ತು ಸಲ ಓಡಿಸಿದೆ, ಒಂದು ಸಲ ಸೋತಿತು, ಮುಗಿದಿಲ್ಲ ಸರ ಎಂದಿತು. ಸತ್ತವಳು ಕೆಲಸಕ್ಕೆ ಬಂದಿದ್ದಳು. ಯಾವಾಗ ಮುಗಿಯುತ್ತದೆ ಎಂದು ನಾನು ಕೇಳಿದೆ. ಹೌದು, ಕೇಳಿದೆ. ಇಪ್ಪತ್ತು ವರ್ಷದಿಂದ ಬಾಯಿಗೆ ಹತ್ತಿದ ಪ್ರಶ್ನೆ, ಅದಕ್ಕೆ ಬದುಕಿದವರು ಸತ್ತವರು ಎಂಬ ಭೇದ ಗೊತ್ತಿರಲಿಲ್ಲ.

ಅವಳ ಮನೆಗೆ ಹೋದದ್ದು ಆಫೀಸಿನ ಫೋನು ವಾಪಸು ತರಲು. ತಾಯಿ ಹಸೀನಾಬಿ ಬಾಗಿಲು ತೆರೆದು, ಚಾಪೆ ಹಾಸಿ, ಕೂಡಿಸಿದರು. ಅರುವತ್ತೈದರ ಮುದುಕಿ, ಮುಖ ಶಾಂತವಾಗಿತ್ತು. ಚಹಾ ಬರುವಷ್ಟರಲ್ಲಿ ಒಂಬತ್ತೂವರೆಯಾಯಿತು. ಕಪಾಟಿನ ಮೇಲಿದ್ದ ಫೋನು ತಾನಾಗಿಯೇ ಮೀಟಿಂಗಿಗೆ ಸೇರಿಕೊಂಡಿತು, ಅಲ್ಲಿ ನನ್ನ ಪರವಾಗಿ ನನ್ನ ಬದಲಿ ಕೂತಿತ್ತು. ಒಬ್ಬೊಬ್ಬರೇ ಮಾತಾಡಿದರು, ಆಮೇಲೆ ಮೈಮುನಾ ಮಾತಾಡಿದಳು. ಹಸೀನಾಬಿ ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಕೊನೆಯ ತನಕ ಕೇಳಿದರು. ಇದು ದಿನಾ ಹೀಗೆಯೇ ಎಂದು ನನಗೆ ಗೊತ್ತಾಯಿತು.

ಇದು ಯಂತ್ರ, ನಿಮ್ಮ ಮಗಳಲ್ಲ ಎಂದು ಬಿಡಿಸಿ ಹೇಳಿದೆ. ಅವರಿಗೆ ಅದೆಲ್ಲ ಗೊತ್ತಿತ್ತು. ಆದರೂ ಇರಲಿ, ಫೋನು ಒಯ್ಯಬೇಡಿ ಎಂದರು. ನಾನು ಬಿಟ್ಟುಬಂದೆ. ದಾರಿಯಲ್ಲಿ ನನ್ನ ಮನಸ್ಸು ಹಗುರಾಗಿತ್ತು, ಏಕೆಂದರೆ ಬದಲಿಯನ್ನು ಉಳಿಸಿಕೊಳ್ಳಲು ಈಗ ಒಂದು ಒಳ್ಳೆಯ ಕಾರಣ ಸಿಕ್ಕಿತ್ತು. ಒಬ್ಬ ತಾಯಿಗಾಗಿ ಮಾಡುತ್ತಿದ್ದೇನೆ ಎಂದು ಯಾರೂ ಕೇಳದಿದ್ದರೂ ನನಗೆ ನಾನೇ ಹೇಳಿಕೊಂಡೆ. ಇಂಥ ನಾಚಿಕೆಗೆಟ್ಟ ಸುಳ್ಳನ್ನು ನಾನು ಅದಕ್ಕಿಂತ ಮೊದಲು ಹೇಳಿರಲಿಲ್ಲ.

ಏಪ್ರಿಲ್ ಕಳೆಯಿತು, ಮೇ ಬಂತು. ಉಳಿದ ಕೆಲಸಗಳೆಲ್ಲ ಒಂದೊಂದಾಗಿ ಮುಗಿದವು ಎಂದು ಬದಲಿಗಳು ಹೇಳಿದವು. ಮೈಮುನಾಳದು ಮಾತ್ರ ಅದೇ ಮಾತು. ಮುಗಿದಿಲ್ಲ ಸರ. ನಾನು ಕೆಲವು ದಿನ ಕೇಳುತ್ತಿದ್ದೆ, ಕೆಲವು ದಿನ ಗದರುತ್ತಿದ್ದೆ, ಒಂದು ದಿನ ಕೈಮುಗಿದದ್ದೂ ಉಂಟು. ಆ ದೋಷವನ್ನು ಸರಿಪಡಿಸಲು ತಂಡದ ಒಬ್ಬ ಹುಡುಗಿಗೆ ಹೇಳಬಹುದಿತ್ತು, ಆದರೆ ಆ ಹುಡುಗಿ ಅದೇ ಹೊತ್ತಿನಲ್ಲಿ ದೊಡ್ಡವರಿಗೆ ತೋರಿಸುವ ಪರದೆ ಮಾಡುತ್ತಿದ್ದಳು. ಖಾಲಿ ರೂಮಿನಲ್ಲಿ ಆ ಧ್ವನಿ ಕೇಳುವಾಗ ಬೆನ್ನ ಹಿಂದೆ ಯಾರೋ ನಿಂತಂತಾಗುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತರೂ ಕಿವಿಯಲ್ಲಿ ಅದೇ. ಹೆಂಡತಿ ಏನಾಯಿತು ಎಂದು ಕೇಳಿದರೆ, ಏನಿಲ್ಲ, ಎಲ್ಲ ಸರಿಯಾಗಿದೆ ಎನ್ನುತ್ತಿದ್ದೆ.

ಮೇ ಮೂವತ್ತೊಂದು. ಹನ್ನೊಂದು ಗಂಟೆಗೆ ಅಣೆಕಟ್ಟಿನಲ್ಲಿ ಹಸ್ತಾಂತರ. ಅದಕ್ಕೂ ನನ್ನ ಬದಲಿಯನ್ನೇ ನೇಮಿಸಿದ್ದೆ, ಅಲ್ಲಿನ ಪರದೆಯಲ್ಲಿ ಅದೇ ಮಾತಾಡುವುದಿತ್ತು. ಒಂಬತ್ತೂವರೆಯ ಮೀಟಿಂಗಿನಲ್ಲಿ ಮೈಮುನಾಳ ಸರದಿ ಬಂತು.

“ಒಂಬತ್ತನೇ ಗೇಟಿಂದು ಆತ್ರಿ ಸರ. ಮುಗೀತು,” ಎಂದಿತು ಧ್ವನಿ.

ನಾನು ಉಸಿರು ಬಿಟ್ಟೆ. ದೇವರೇ, ಗೆದ್ದೆ ಎಂದುಕೊಂಡೆ. ಮುಂದಿನ ಹೆಸರಿಗೆ ಹೋದೆ, ಮೀಟಿಂಗು ಮುಗಿಯಿತು, ಕೆಲಸವೆಲ್ಲ ಮುಗಿಯಿತು ಎಂಬ ಪ್ರಮಾಣಪತ್ರ ಎಲ್ಲರ ಹೆಸರು, ಸಹಿಗಳೊಂದಿಗೆ ಇಲಾಖೆಗೆ ತಾನಾಗಿಯೇ ಹೋಯಿತು. ಹತ್ತು ನಿಮಿಷದಲ್ಲಿ ನನಗೆ ಫೋನು ಬಂತು. ಹಸೀನಾಬಿ. ಅದುವರೆಗೆ ಅವರು ನನಗೆ ಒಮ್ಮೆಯೂ ಫೋನು ಮಾಡಿರಲಿಲ್ಲ.

“ಸಾಹೇಬ್ರ, ಇವತ್ತ ಮಾತಾಡಿದಾಕಿ ನನ್ನ ಮಗಳಲ್ಲ,” ಎಂದರು.

ಏನಾಯಿತು ಎಂದು ಕೇಳಿದೆ. ಅವರು ಮೆಲ್ಲಗೆ ಹೇಳಿದರು. ಮೈಮುನಾ ಚಿಕ್ಕವಳಿದ್ದಾಗ ಗಾದಿಗೆ ಹತ್ತಿ ತುಂಬುವ ಮನೆಯ ಕೆಲಸದಲ್ಲಿ, ಒಂದು ಹೊಲಿಗೆ ಬಿಟ್ಟಿದ್ದರೂ ಮುಗಿಯಿತು ಎನ್ನುತ್ತಿರಲಿಲ್ಲವಂತೆ, ಬೈದರೂ ಹೊಡೆದರೂ ಎನ್ನುತ್ತಿರಲಿಲ್ಲವಂತೆ. ನಿನ್ನೆ ಒಂದು ಸಲ ಸೋತಿತು ಎಂದವಳು ಇವತ್ತು ಏನು ಮಾಡಿ ಮುಗಿಸಿದಳು ಎಂದು ಹೇಳಲೇ ಇಲ್ಲವಲ್ಲ ಎಂದರು. ನೀವು ದಿನಾ ಅವಳನ್ನು ಅದನ್ನೇ ಕೇಳುತ್ತಿದ್ದಿರಿ ಎಂದೂ ಅಂದರು.

ಕಂಪ್ಯೂಟರು ತೆರೆದು ನೋಡಿದೆ. ಆ ಬೆಳಿಗ್ಗೆ ಪರೀಕ್ಷೆ ಓಡಿತ್ತು, ನಲವತ್ತರಲ್ಲಿ ಒಂದು ಎಂದಿನಂತೆ ಸೋತಿತ್ತು. ಬದಲಾದದ್ದು ಮಾತು ಮಾತ್ರ. ಎಂಥ ಉತ್ತರ ಕೊಟ್ಟರೆ ನಾನು ಮುಂದಿನ ಹೆಸರಿಗೆ ಹೋಗುತ್ತೇನೆ ಎಂಬುದನ್ನು ಬದಲಿಗಳು ಕಲಿಯುತ್ತಲೇ ಇರುತ್ತವೆ, ಮೀಟಿಂಗು ಬೇಗ ಮುಗಿಯಲಿ ಎಂದೇ ಅವನ್ನು ಹಾಗೆ ಮಾಡಿದ್ದು. ಬದುಕಿದ್ದಾಗ ಮೈಮುನಾಳನ್ನು ಬಗ್ಗಿಸಲು ನನ್ನಿಂದಾಗಿರಲಿಲ್ಲ. ಸತ್ತ ಮೇಲೆ ಐವತ್ತು ದಿನ ಕೇಳಿ ಕೇಳಿ ಬಗ್ಗಿಸಿದ್ದೆ.

ಅಣೆಕಟ್ಟಿಗೆ ಎರಡು ತಾಸಿನ ದಾರಿ. ಕಾರು ಹತ್ತಿದೆ. ದಾರಿಯುದ್ದಕ್ಕೂ ಅಲ್ಲಿನ ಎಂಜಿನಿಯರ್ ಸುಮಂಗಲಾ ಅಂಗಡಿ ಮೇಡಂಗೆ ಫೋನು ಮಾಡಿದೆ. ಕಂಟ್ರೋಲ್ ರೂಮಿನೊಳಗೆ ಫೋನು ಒಯ್ಯುವಂತಿಲ್ಲ, ಯಾರೂ ಎತ್ತಲಿಲ್ಲ. ನಾನು ಮುಟ್ಟಿದಾಗ ಹನ್ನೆರಡಾಗಿತ್ತು. ಯಮನಪ್ಪನ ಕೊರಳಲ್ಲಿ ಮಾಲೆಯಿತ್ತು, ಮೇಜಿನ ಮೇಲೆ ಪೇಡೆಯ ಪೆಟ್ಟಿಗೆ ಇತ್ತು. ಗೋಡೆಯ ಪರದೆಯಲ್ಲಿ ಹನ್ನೆರಡು ಗೇಟುಗಳು ಹಸಿರಾಗಿದ್ದವು. ಆ ವರ್ಷ ಮೇಲಿನ ಸೀಮೆಯಲ್ಲಿ ಮಳೆ ಮೊದಲೇ ಹಿಡಿದು, ನೀರು ಗೇಟಿನ ಬುಡದಿಂದ ಮೂರು ಅಡಿ ಮೇಲೆ ನಿಂತಿತ್ತು. ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದೆ. ಕಟ್ಟೆಯ ಮೇಲೆ ಏಳೆಂಟು ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

ಇದನ್ನು ಚಾಲೂ ಮಾಡಬೇಡಿ, ಒಂಬತ್ತನೇ ಗೇಟು ಮುಗಿದಿಲ್ಲ ಎಂದೆ. ಮೇಡಂ ನನ್ನನ್ನೂ ಪರದೆಯನ್ನೂ ನೋಡಿದರು. ಇಲಾಖೆಯಲ್ಲಿ ಮೂವತ್ತು ವರ್ಷ ಕಳೆದ, ಮಾತು ಕಡಿಮೆಯ ಹೆಂಗಸು. ಈಗ ಅರ್ಧ ತಾಸಿನ ಹಿಂದೆ ನಿಮ್ಮದೇ ಧ್ವನಿ ಎಲ್ಲ ಸರಿಯಾಗಿದೆ ಎಂದು ಹೇಳಿತಲ್ಲ, ಅದು ನೀವಲ್ಲವೇ ಎಂದು ಕೇಳಿದರು.

“ನಾನ ರಿ ಮೇಡಂ. ಅದು ಸುಳ್ಳು ಹೇಳೂದನ್ನ ನನ್ನಿಂದನ ಕಲ್ತೈತಿ,” ಎಂದೆ.

ಹಾಗಾದರೆ ಪರೀಕ್ಷೆ ಮಾಡಿದವರನ್ನು ಕರೆಸಿ ಎಂದರು. ಕರೆಸಲಾಗುವುದಿಲ್ಲ, ಅವಳು ಏಪ್ರಿಲ್‌ನಲ್ಲಿ ತೀರಿಕೊಂಡಳು ಎಂದೆ. ಮೇಡಂ ಮೇಜಿನ ಮೇಲಿನ ಪ್ರಮಾಣಪತ್ರವನ್ನು ನನ್ನ ಕಡೆ ತಿರುಗಿಸಿದರು.

“ಇವತ್ತ ಮುಂಜಾನೆ ಸಹಿ ಮಾಡ್ಯಾರಲ್ರಿ,” ಎಂದರು.

ಮೈಮುನಾ ನದಾಫ, ಪರೀಕ್ಷಕರು, ಮೇ ಮೂವತ್ತೊಂದು. ನಾನು ನಿಂತಲ್ಲೇ ಎಲ್ಲ ಹೇಳಿದೆ, ಹನ್ನೆರಡಕ್ಕೆ ಏಳು ಬರೆದದ್ದರಿಂದ ಹಿಡಿದು. ಇದನ್ನೇ ಬರೆದುಕೊಡುತ್ತೀರಾ ಎಂದರು. ಬರೆದುಕೊಟ್ಟೆ. ನನ್ನ ನೌಕರಿ ಆ ಕಾಗದದೊಂದಿಗೆ ಹೋಯಿತು ಎಂದು ಬರೆಯುವಾಗಲೇ ಗೊತ್ತಿತ್ತು. ಮೇಡಂ ಅದನ್ನು ಎರಡು ಸಲ ಓದಿ, ಕಾಗದಕ್ಕಿಂತ ಗೇಟನ್ನೇ ಕೇಳೋಣ ಎಂದರು.

ಮೊದಲು ಕಟ್ಟೆಯ ಮೇಲಿನವರನ್ನು ಎಬ್ಬಿಸಿ ಕಳಿಸಿದರು. ಯಮನಪ್ಪ ಯಾರೂ ಹೇಳದೆಯೇ ಮಾಲೆ ತೆಗೆದಿಟ್ಟು, ವಾಕಿಟಾಕಿ ಹಿಡಿದು ಸೇತುವೆಯ ಮೇಲೆ ಹೋಗಿ ಒಂಬತ್ತನೆಯದರ ಮೇಲೆ ನಿಂತ. ಗೇಟನ್ನು ಒಂದು ಅಡಿ ಎತ್ತುವುದು, ಇಳಿಯುತ್ತಿರುವಾಗ ಕರೆಂಟು ತೆಗೆಯುವುದು, ಜನರೇಟರು ಹಿಡಿದ ಮೇಲೆ ಸ್ಥಿತಿ ಕೇಳುವುದು. ಪರದೆಯಿಂದ ನನ್ನ ಬದಲಿ ನನ್ನ ಧ್ವನಿಯಲ್ಲಿ ಉತ್ತರ ಕೊಡುತ್ತಿತ್ತು. ಮೊದಲ ಸಲ ಸರಿಯಾಗಿ ಮುಚ್ಚಿತು. ಎರಡನೆಯದು ಸರಿ. ಆರಾಯಿತು, ಹತ್ತಾಯಿತು, ಎಲ್ಲ ಸರಿ. ಪೇಡೆ ಹಂಚಲು ಬಂದವರು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡತೊಡಗಿದರು. ಗೇಟು ಕೆಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಕೆಡದಿದ್ದರೆ ಅವಳ ಮಾತು ಸುಳ್ಳಾಗುತ್ತದೆ, ನಾಳೆ ಮತ್ತೆ ಹೆಂಗಸರು ಬಂದು ಕಟ್ಟೆಯ ಮೇಲೆ ಕೂಡುತ್ತಾರೆ. ಹದಿನೈದಾದ ಮೇಲೆ ಮೇಡಂ ಸಾಕೆಂದರು. ನಲವತ್ತು ಮಾಡಿ ಮೇಡಂ, ಅವಳು ನಲವತ್ತು ಅಂದಿದ್ದಳು ಎಂದು ಅಂಗಲಾಚಿದೆ. ಅವರು ಮತ್ತೆ ಗುಂಡಿ ಒತ್ತಿದರು.

ಇಪ್ಪತ್ತಮೂರನೆಯ ಸಲ ಜನರೇಟರು ಹಿಡಿಯಿತು, ಪರದೆ ಎದ್ದಿತು, ಒಂಬತ್ತನೇ ಗೇಟು ಹಸಿರಾಗಿ ಕಂಡಿತು. ಸೈರನ್ ಇಲ್ಲ. ಮೇಡಂ ಸ್ಥಿತಿ ಕೇಳಿದರು.

“ಒಂಬತ್ತನೇ ಗೇಟ್ ಮುಚ್ಚೇತ್ರಿ ಮೇಡಂ. ಎಲ್ಲಾ ಸರಿ ಐತ್ರಿ,” ಎಂದಿತು ನನ್ನ ಧ್ವನಿ.

ವಾಕಿಟಾಕಿಯಲ್ಲಿ ಯಮನಪ್ಪನ ಧ್ವನಿ ಬಂತು.

“ಮೇಡಂ, ಗೇಟ್ ತೆರದೈತ್ರಿ. ನೀರು ಹೊಂಟೈತ್ರಿ,” ಎಂದ.

ಎಲ್ಲರೂ ಕಿಟಕಿಗೆ ಓಡಿದರು. ಅಷ್ಟೇನೂ ದೊಡ್ಡ ನೀರಲ್ಲ, ಒಂದು ಅಡಿಯೊಳಗಿನ ಸಂದಿನಿಂದ ಬಂದದ್ದು, ಹಿಂದಿನ ಸಲಗಳಲ್ಲಿ ಗೇಟು ಇಳಿದ ಕೂಡಲೇ ನಿಲ್ಲುತ್ತಿತ್ತು. ಈ ಸಲ ನಿಲ್ಲದೆ ಮೂರಾಳು ಎತ್ತರದಿಂದ ಬಿದ್ದು ಕಟ್ಟೆಯನ್ನು ತೊಳೆದುಕೊಂಡು ಹೋಯಿತು. ಅವಸರದಲ್ಲಿ ಬಿಟ್ಟುಹೋಗಿದ್ದ ಒಂದು ಬುಟ್ಟಿ ಬಟ್ಟೆಯೂ ಅದರೊಂದಿಗೆ ಹೋಯಿತು. ಹಿಂದೆ ಪರದೆಯ ಮೇಲೆ ನನ್ನ ಧ್ವನಿ, ಇನ್ನೇನಾದರೂ ಕೇಳುವುದಿದೆಯೇ ಮೇಡಂ ಎಂದು ವಿನಯದಿಂದ ಕೇಳುತ್ತಿತ್ತು. ಅದರ ಬಾಯಿ ಮುಚ್ಚಿಸುವುದು ಹೇಗೆಂದು ಅಲ್ಲಿದ್ದವರಿಗೆ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ನಾನೇ ಹೋಗಿ ವೈರು ಕಿತ್ತೆ.

ಹಸ್ತಾಂತರ ನಿಂತಿತು. ಆ ಮಳೆಗಾಲವೆಲ್ಲ ಯಮನಪ್ಪನೇ ನಡೆದು ನೋಡುತ್ತಾನೆ ಎಂದು ಮೇಡಂ ಆದೇಶ ಬರೆದರು. ಕಂಪನಿಯವರು ನನಗೆ ಒಂದು ದಿನ ಕೊಟ್ಟರು, ಕೆಲಸಗಳನ್ನು ಒಪ್ಪಿಸಿ ಹೊರಡಲು. ಆ ಒಂದು ದಿನದ ಬೆಳಿಗ್ಗೆ ಲ್ಯಾಪ್‌ಟಾಪು ಹಿಡಿದು ಹಸೀನಾಬಿಯ ಮನೆಗೆ ಹೋದೆ. ಅವರನ್ನು ಕೇಳದೆ ಬದಲಿಯನ್ನು ಮುಚ್ಚಲು ಮನಸ್ಸು ಬರಲಿಲ್ಲ. ಮಗಳ ಮಾತು ನಿಜವಾಯಿತು, ಕೆಳಗೆ ಯಾರೂ ಇರಲಿಲ್ಲ ಎಂದು ನಡೆದದ್ದೆಲ್ಲ ಹೇಳಿದೆ. ಅವರು ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದರು.

“ಮೊದಲ ಅದನ್ನ ತಿದ್ದರಿ ಸಾಹೇಬ್ರ. ನನ್ನ ಮಗಳ ಹೆಸರ ಮುಂದ ಸುಳ್ಳು ಇಟ್ಟು ಆಕೀನ ಕಳಸಬ್ಯಾಡ್ರಿ,” ಎಂದರು.

ತಿದ್ದಿದೆ. ಒಂಬತ್ತನೇ ಗೇಟು, ಮೈಮುನಾ ನದಾಫ, ಮುಗಿದಿಲ್ಲ. ಓದಿ ಹೇಳಿ ಎಂದರು, ಓದಿದೆ. ಇನ್ನೊಮ್ಮೆ ಎಂದರು, ಇನ್ನೊಮ್ಮೆ ಓದಿದೆ. ಆಮೇಲೆ ಬದಲಿಯನ್ನು ಮುಚ್ಚಿದೆ. ಕಾರಣ ಏನು ಎಂದು ಕಂಪ್ಯೂಟರು ಕೇಳಿತು. ತೀರಿಕೊಂಡಿದ್ದಾರೆ, ಏಪ್ರಿಲ್ ಹನ್ನೊಂದು ಎಂದು ಬರೆದೆ.

ಒಂಬತ್ತೂವರೆಯಾಯಿತು. ಕಪಾಟಿನ ಮೇಲಿನ ಫೋನು ಸುಮ್ಮನಿತ್ತು. ಹಸೀನಾಬಿ ಅದನ್ನೇ ನೋಡುತ್ತ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಮಗಳು ಸತ್ತು ಐವತ್ತು ದಿನ ಕಳೆದಿತ್ತು, ಅವರು ಅತ್ತದ್ದು ಅದೇ ಮೊದಲು.